ಮಿಯಾಮಿಯ ಹರಿಕೇನ್ ಸೆಂಟರ್ ವೆಬ್‌ಸೈಟ್ ಹೇಗಿದೆ? ಕಾರವಾರದಿಂದ ಒಂದು ವಿಮರ್ಶೆ

ಮೊದಲೇ ಹೇಳಿಬಿಡ್ತೀನಿ. ಅಟ್ಲಾಂಟಿಕ್ ಸಮುದ್ರದ ಒಂದು ಬಿರುಗಾಳಿಯನ್ನು ಹುಟ್ಟಿನಿಂದ ಸಾಯುವವರೆಗೆ ಬಿಡದೆ ಓದಬೇಕು ಅಂದ್ರೆ ಅಮೆರಿಕದ ನ್ಯಾಷನಲ್ ಹರಿಕೇನ್ ಸೆಂಟರ್ ವೆಬ್‌ಸೈಟಿಗಿಂತ ಒಳ್ಳೆಯ ಜಾಗ ನಾನು ನೋಡಿಲ್ಲ. ಪೂರ್ತಿ ಉಚಿತ. ಲಾಗಿನ್ ಬೇಡ, ಜಾಹೀರಾತಿನ ಕಾಟ ಇಲ್ಲ. ಆದರೆ ಅಲ್ಲಿಂದ ಎಲ್ಲರೂ ಎತ್ತಿ ಶೇರ್ ಮಾಡುವ ಒಂದು ಚಿತ್ರ ಇದೆಯಲ್ಲ, ಬಿರುಗಾಳಿಯ ಮುಂದಿನ ದಾರಿ ತೋರಿಸುವ ಬಿಳಿ ಕೋನ್, ಆ ತಾಣದಲ್ಲಿ ದಾರಿ ತಪ್ಪಿಸುವ ಭಾಗ ಯಾವುದಾದರೂ ಇದ್ದರೆ ಅದೇ. ಅದೊಂದನ್ನೇ ನೋಡಿ ಮೊಬೈಲ್ ಕೆಳಗಿಟ್ಟರೆ ಬಿರುಗಾಳಿ ನಿಮಗೆ ಅರ್ಧವೂ ಗೊತ್ತಾಗುವುದಿಲ್ಲ.

ಕಾರವಾರದಲ್ಲಿ ಕೂತವಳಿಗೆ ಮಿಯಾಮಿ ಯಾಕೆ ಅಂತ ಕೇಳಬಹುದು. ನಮ್ಮ ಕಡೆ ಹಡಗಿನ ಕೆಲಸಕ್ಕೆ ಹೋಗುವ ಹುಡುಗರು ತುಂಬ ಇದ್ದಾರೆ. ನನ್ನ ತಮ್ಮನೂ ಕೆರಿಬಿಯನ್ ಕಡೆ ಓಡುವ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿದ್ದಾನೆ. ಜೂನ್ ಬಂತು ಅಂದ್ರೆ ಅಮ್ಮನಿಗೆ ಎರಡೆರಡು ಚಿಂತೆ. ಇಲ್ಲಿಯ ಮಳೆ ಒಂದು, ಅಲ್ಲಿಯ ಗಾಳಿ ಇನ್ನೊಂದು. ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್, ಅಂದರೆ ಅಲ್ಲಿಯ ಜೋರು ಚಂಡಮಾರುತದ ಕಾಲ. ಟಿವಿಯಲ್ಲಿ ಎಲ್ಲಾದರೂ ತೆಂಗಿನ ಮರ ಬಗ್ಗಿದ್ದು ತೋರಿಸಿದರೆ ಸಾಕು, "ಅವನಿರುವ ಕಡೆನಾ?" ಅಂತ ಕೇಳ್ತಾಳೆ. ಅದಕ್ಕೆ ಉತ್ತರ ಹುಡುಕುತ್ತಾ ಹುಡುಕುತ್ತಾ ನನಗೆ ಈ ತಾಣ ರೂಢಿಯಾಯಿತು.

ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಲು 2024ರ ಬೆರಿಲ್ ಚಂಡಮಾರುತವನ್ನೇ ತಗೊಳ್ತೀನಿ. ಅದು ನಿಮಗೂ ನೆನಪಿರುತ್ತದೆ. ಆ ವರ್ಷ ಜೂನ್ 29ರಂದು ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು. ನಮ್ಮ ರಾಹುಲ್ ದ್ರಾವಿಡ್ ಕೋಚ್ ಆಗಿ ಕಪ್ ಎತ್ತಿ ಕೂಗಿದ್ದನ್ನು ಯಾರು ಮರೀತಾರೆ? ಆಮೇಲೆ ತಂಡ ಅಲ್ಲೇ ಸಿಕ್ಕಿಹಾಕಿಕೊಂಡಿತು. ವಿಮಾನ ನಿಲ್ದಾಣ ಮುಚ್ಚಿತ್ತು. ವಿಶೇಷ ವಿಮಾನದಲ್ಲಿ ಅವರು ದೆಹಲಿಗೆ ಬಂದಿಳಿದಿದ್ದು ಜುಲೈ 4ರ ಬೆಳಿಗ್ಗೆ. ಇಡೀ ದೇಶ ಆಗ "ಬೆರಿಲ್ ಎಲ್ಲಿದೆ" ಅಂತ ಕೇಳ್ತಾ ಇತ್ತು, ಸುದ್ದಿವಾಹಿನಿಗಳು ಒಂದೇ ಕೆಂಪು ಸುಳಿಯನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದವು. ಆದರೆ ಬೇಕಾದ ಉತ್ತರ ಎಲ್ಲ ಈ ತಾಣದಲ್ಲಿ ಸರಳ ಇಂಗ್ಲಿಷಿನಲ್ಲಿ ಬರೆದಿಟ್ಟಿತ್ತು.

ಬಿರುಗಾಳಿಗೆ ಹೆಸರು ಬರುವ ಮೊದಲೇ ಇಲ್ಲಿ ಕಥೆ ಶುರುವಾಗುತ್ತದೆ. ಮುಖಪುಟದಲ್ಲಿ ಅಟ್ಲಾಂಟಿಕ್ ನಕ್ಷೆ ಇರುತ್ತದೆ. ಅದರ ಮೇಲೆ ಹಳದಿ, ಕಿತ್ತಳೆ, ಕೆಂಪು ಬಣ್ಣದ ಗುರುತುಗಳು. ಮುಂದಿನ ಏಳು ದಿನದಲ್ಲಿ ಅಲ್ಲಿ ಬಿರುಗಾಳಿ ಹುಟ್ಟುವ ಸಾಧ್ಯತೆ ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಹಳದಿ, 60ರವರೆಗೆ ಕಿತ್ತಳೆ, ಅದಕ್ಕಿಂತ ಜಾಸ್ತಿ ಆದರೆ ಕೆಂಪು. ಬೆರಿಲ್ ಹುಟ್ಟಿದ್ದು ಆಫ್ರಿಕಾದ ಪಶ್ಚಿಮ ದಂಡೆ ಬಿಟ್ಟು ಹೊರಟ ಒಂದು ಗಾಳಿಯ ಅಲೆಯಿಂದ. ಅಂಥ ಅಲೆಗಳು ಬೇಸಿಗೆ ಪೂರ್ತಿ ಒಂದರ ಹಿಂದೆ ಒಂದು ಹೊರಡುತ್ತಲೇ ಇರುತ್ತವೆ, ಹೆಚ್ಚಿನವು ಏನೂ ಆಗದೆ ಮುಗಿದುಹೋಗುತ್ತವೆ. ಒಂದು ಅಲೆ ಬಿರುಗಾಳಿ ಆಗಬೇಕಾದರೆ ಕೆಳಗೆ ಸಮುದ್ರ ಬೆಚ್ಚಗಿರಬೇಕು, ಸಾಮಾನ್ಯವಾಗಿ 26.5 ಡಿಗ್ರಿಗಿಂತ ಮೇಲೆ. ಮೇಲಿನ ಗಾಳಿ ಮತ್ತು ಕೆಳಗಿನ ಗಾಳಿ ಒಂದಕ್ಕೊಂದು ಎದುರು ಬೀಸಬಾರದು. ಗಾಳಿಯಲ್ಲಿ ತೇವ ಇರಬೇಕು, ಸಹಾರಾದ ಒಣ ಧೂಳು ನುಗ್ಗಬಾರದು. ನಮ್ಮ ಅರಬ್ಬಿ ಸಮುದ್ರದಲ್ಲಿ ಜುಲೈ ತಿಂಗಳಲ್ಲಿ ಅಷ್ಟು ಗಾಳಿ-ಮಳೆ ಇದ್ದರೂ ಚಂಡಮಾರುತ ಏಳದೇ ಇರುವುದು ಇದೇ ಕಾರಣಕ್ಕೆ. ಕೆಳಗೆ ಪಶ್ಚಿಮದಿಂದ ಜೋರು ಗಾಳಿ, ಎತ್ತರದಲ್ಲಿ ಪೂರ್ವದಿಂದ ಇನ್ನೂ ಜೋರು ಗಾಳಿ. ಮೋಡದ ಗೋಪುರ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಹಾಗಾಗಿ ನಮ್ಮ ಕಡೆಯ ಚಂಡಮಾರುತಗಳು ಹೆಚ್ಚಾಗಿ ಮಳೆಗಾಲದ ಮೊದಲು ಇಲ್ಲವೇ ಆಮೇಲೆ.

ಬೆರಿಲ್‌ಗೆ ಎಲ್ಲವೂ ಕೂಡಿಬಂದಿತ್ತು. ಜೂನ್ ಕೊನೆಯಲ್ಲೇ ಆ ಸಮುದ್ರ ಸೆಪ್ಟೆಂಬರ್‌ನಷ್ಟು ಬೆಚ್ಚಗಿತ್ತು. ಜೂನ್ 28ರಂದು ಅದು ಡಿಪ್ರೆಶನ್, ಅಂದರೆ ಬಿರುಗಾಳಿಯ ಮೊದಲ ಹಂತ, ಅದೇ ದಿನ ಹೆಸರು ಬಂತು. 29ರಂದು, ಅಂದರೆ ಫೈನಲ್ ಆಡಿದ ದಿನವೇ, ಹರಿಕೇನ್ ಆಯಿತು. 30ರಂದು ಕೆಟಗರಿ 4, ಅಂದರೆ ಗಾಳಿಯ ಜೋರು ಅಳೆಯುವ ಐದು ಮೆಟ್ಟಿಲಲ್ಲಿ ನಾಲ್ಕನೆಯದು. ಜೂನ್ ತಿಂಗಳಲ್ಲಿ ಅಟ್ಲಾಂಟಿಕ್‌ನಲ್ಲಿ ಕೆಟಗರಿ 4 ಹರಿಕೇನ್ ದಾಖಲಾಗಿದ್ದು ಅದೇ ಮೊದಲು.

ಈ ವೇಗದ ಬೆಳವಣಿಗೆಯನ್ನು ಓದಬೇಕಾದ ಪುಟ ಒಂದಿದೆ. "ಡಿಸ್ಕಶನ್" ಅಂತ ಅದರ ಹೆಸರು. ಈ ತಾಣದ ಜೀವ ಅದು ಅಂತ ನನ್ನ ಅಭಿಪ್ರಾಯ. ನೋಡಲು ಏನೂ ಇಲ್ಲ, ಬರೀ ಅಕ್ಷರ, ಹಳೇ ಟೈಪ್‌ರೈಟರ್ ಹಾಳೆಯ ಹಾಗೆ. ಚಿತ್ರ ಇಲ್ಲ, ಬಣ್ಣ ಇಲ್ಲ. ಆದರೆ ಪ್ರತಿ ಆರು ಗಂಟೆಗೊಮ್ಮೆ ಒಬ್ಬ ಮುನ್ಸೂಚಕರು ಕೂತು, ಉಪಗ್ರಹದಲ್ಲಿ ಏನು ಕಂಡಿತು, ವಿಮಾನದವರು ಏನು ಅಳೆದು ತಂದರು, ಕಂಪ್ಯೂಟರ್ ಮಾದರಿಗಳಲ್ಲಿ ಯಾವುದು ಯಾವ ದಾರಿ ಹೇಳುತ್ತಿದೆ, ತಾವು ಯಾವುದನ್ನು ನಂಬುತ್ತೇವೆ, ಯಾಕೆ ನಂಬುತ್ತೇವೆ, ಎಲ್ಲಿ ತಮಗೆ ಅನುಮಾನ ಇದೆ ಅಂತ ಬರೆದು, ಕೆಳಗೆ ತಮ್ಮ ಹೆಸರು ಹಾಕುತ್ತಾರೆ. ಹೆಸರು ಹಾಕುವುದು ನನಗೆ ತುಂಬ ದೊಡ್ಡ ವಿಷಯ ಅನಿಸುತ್ತದೆ. ಲಕ್ಷಾಂತರ ಜನ ನಂಬಿ ಕೂತಿರುವ ಮಾತಿನ ಕೆಳಗೆ ಒಬ್ಬ ಮನುಷ್ಯ ಸಹಿ ಹಾಕಿ, "ಇಲ್ಲಿ ನಮಗೆ ಖಾತ್ರಿ ಇಲ್ಲ" ಅಂತ ಬಾಯಿಬಿಟ್ಟು ಹೇಳುತ್ತಾನೆ. ದಾರಿ ಹೇಳುವುದಕ್ಕಿಂತ ಗಾಳಿಯ ಜೋರು ಹೇಳುವುದು ಕಷ್ಟ ಅನ್ನುವುದನ್ನೂ ಅವರು ಮುಚ್ಚಿಡುವುದಿಲ್ಲ.

ವಿಮಾನದವರು ಅಂದೆನಲ್ಲ, ಅದು ನಿಜವಾಗಿಯೂ ಬಿರುಗಾಳಿಯ ಹೊಟ್ಟೆಯೊಳಗೆ ಹಾರುವ ವಿಮಾನ. ಅಮೆರಿಕದ ವಾಯುಸೇನೆಯ ಮೀಸಲು ಪಡೆಯದು ಕೆಲವು, ಅಲ್ಲಿಯ ಸಮುದ್ರ-ಹವಾಮಾನ ನೋಡಿಕೊಳ್ಳುವ ನೋವಾ ಸಂಸ್ಥೆಯದು ಕೆಲವು. ಬಿರುಗಾಳಿಯ ನಡುವಿನ ಶಾಂತ ಜಾಗವನ್ನು ಕಣ್ಣು ಅನ್ನುತ್ತಾರೆ, ಅದರ ಸುತ್ತ ನಿಂತ ಮೋಡದ ಗೋಡೆ ದಾಟಿ ಒಳಹೋಗಿ ಡ್ರಾಪ್‌ಸೋಂಡ್ ಅನ್ನುವ ಕೊಳವೆಯಂಥ ಉಪಕರಣ ಬೀಳಿಸುತ್ತಾರೆ. ಅದು ಸಣ್ಣ ಪ್ಯಾರಾಚೂಟಿನಲ್ಲಿ ಇಳಿಯುತ್ತಾ ಒತ್ತಡ, ಉಷ್ಣತೆ, ತೇವ, ಗಾಳಿ ಎಲ್ಲವನ್ನೂ ಸಮುದ್ರ ಮುಟ್ಟುವವರೆಗೆ ಕಳಿಸುತ್ತಾ ಇರುತ್ತದೆ. ಆ ಅಂಕಿಗಳೂ ಇದೇ ತಾಣದಲ್ಲಿ ಸಿಗುತ್ತವೆ. ಸುಮ್ನೆ ಸಂಕೇತಗಳ ಸಾಲು, ಓದಲು ಅಭ್ಯಾಸ ಬೇಕು.

ಈಗ ಕೋನ್ ವಿಷಯ. ನಕ್ಷೆಯ ಮೇಲೆ ಒಂದು ಬಿಳಿ ಆಕಾರ, ಮುಂದೆ ಮುಂದೆ ಅಗಲ ಆಗುತ್ತಾ ಹೋಗುತ್ತದೆ. ಬಿರುಗಾಳಿ ದೊಡ್ಡದಾಗ್ತಾ ಇದೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಬಿರುಗಾಳಿಯ ಕೇಂದ್ರ ಎಲ್ಲಿ ಇರಬಹುದು ಅನ್ನುವುದರ ಅಂದಾಜು ಅದು. ಹಿಂದಿನ ಐದು ವರ್ಷಗಳಲ್ಲಿ ಮುನ್ಸೂಚನೆ ಎಷ್ಟೆಷ್ಟು ತಪ್ಪಿತ್ತು ಅಂತ ಲೆಕ್ಕ ಹಾಕಿ ಅದರ ಅಗಲ ನಿಗದಿ ಮಾಡುತ್ತಾರೆ, ಸುಮಾರು ಮೂರರಲ್ಲಿ ಎರಡು ಸಲ ಕೇಂದ್ರ ಅದರೊಳಗೆ ಇರುತ್ತದೆ. ಅಂದರೆ ಮೂರರಲ್ಲಿ ಒಂದು ಸಲ ಹೊರಗೆ! ಇನ್ನು ಗಾಳಿ, ಮಳೆ, ತೆರೆ ಎಷ್ಟು ದೂರ ಬರುತ್ತವೆ ಅನ್ನುವುದಕ್ಕೂ ಆ ಬಿಳಿ ಆಕಾರಕ್ಕೂ ಸಂಬಂಧವೇ ಇಲ್ಲ. ಇದನ್ನು ಅವರು ಚಿತ್ರದ ಮೇಲೆಯೇ ಬರೆದಿದ್ದಾರೆ ನಿಜ, ಆದರೆ ವಾಟ್ಸಾಪಿನಲ್ಲಿ ಬರುವಾಗ ಆ ಸಾಲು ಕತ್ತರಿಸಿ ಹೋಗಿರುತ್ತದೆ.

ಬಾರ್ಬಡೋಸ್‌ನಲ್ಲಿ ಆಗಿದ್ದು ಇದೇ. ಜುಲೈ 1ರಂದು ಬೆರಿಲ್‌ನ ಕೇಂದ್ರ ದ್ವೀಪದ ದಕ್ಷಿಣಕ್ಕೆ ಹಾದುಹೋಯಿತು. ಕೇಂದ್ರ ತಪ್ಪಿತು, ದ್ವೀಪ ಬಚಾವಾಯಿತು ಅಂತ ಇಲ್ಲಿ ಸುದ್ದಿ ಬಂತು. ಆದರೆ ಬ್ರಿಜ್‌ಟೌನ್‌ನ ಮೀನುಗಾರಿಕೆ ಬಂದರಿನಲ್ಲಿ ಕಟ್ಟಿಹಾಕಿದ್ದ ಬೋಟುಗಳು ಒಂದಕ್ಕೊಂದು ಬಡಿದು ಒಡೆದವು, ಮುಳುಗಿದವು. ಆ ವಿಡಿಯೋ ನೋಡಿದಾಗ ನನಗೆ ಹೊಟ್ಟೆ ಕಲಕಿತು. ನಮ್ಮ ಮಾವನದೂ ಟ್ರಾಲರ್ ಬೋಟ್. ಜೂನ್-ಜುಲೈ ಮೀನುಗಾರಿಕೆ ನಿಷೇಧದ ಕಾಲ, ಹಾಗಾಗಿ ಅವತ್ತು ಅದು ನಮ್ಮ ಬೈತಖೋಲ ಬಂದರಿನಲ್ಲಿ ಹಗ್ಗ ಬಿಗಿದು ನಿಂತಿತ್ತು. ಒಂದು ಬೋಟ್ ಅಂದ್ರೆ ಎಷ್ಟು ಮನೆಯ ಊಟ ಅಂತ ಗೊತ್ತಿದ್ದವರಿಗೆ ಮಾತ್ರ ಆ ಒಡೆದ ಹಲಗೆಗಳ ಬೆಲೆ ಗೊತ್ತು.

ಮಾವನಿಗೆ ನಾನು ಕೋನ್ ತೋರಿಸಿದೆ. ಅವನು ನೋಡಿ, "ಕೇಂದ್ರ ಎಲ್ಲಿ ಹೋಗ್ತದೆ ಅಂತ ನಂಗೆ ಬೇಡ ತಂಗೀ, ತೆರೆ ಯಾವ ಕಡೆಯಿಂದ ಬರ್ತದೆ ಅದು ಹೇಳು" ಅಂದ. ಆ ಪ್ರಶ್ನೆಗೆ ಕೋನ್‌ನಲ್ಲಿ ಉತ್ತರ ಇಲ್ಲ, ಆದರೆ ತಾಣದಲ್ಲಿ ಇದೆ. ಸ್ವಲ್ಪ ಹುಡುಕಬೇಕು.

ಉತ್ತರ ಹೀಗೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಅದು ಮುಂದೆ ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗಡೆ ಗಾಳಿ ಜಾಸ್ತಿ, ಯಾಕಂದ್ರೆ ತಿರುಗುವ ವೇಗಕ್ಕೆ ಓಡುವ ವೇಗವೂ ಸೇರಿಕೊಳ್ಳುತ್ತದೆ. ಬೆರಿಲ್ ಪಶ್ಚಿಮಕ್ಕೆ ಓಡುತ್ತಿತ್ತು, ಅದೂ ಬಹಳ ವೇಗವಾಗಿ. ಬಾರ್ಬಡೋಸ್ ಅದರ ಬಲಕ್ಕೆ ಬಿತ್ತು. ಕೇಂದ್ರ ಹತ್ತಿರ ಬರುವಾಗ ಗಾಳಿ ಪೂರ್ವದಿಂದ, ದಾಟಿ ಪಶ್ಚಿಮಕ್ಕೆ ಹೋದ ಮೇಲೆ ಆಗ್ನೇಯ, ದಕ್ಷಿಣದಿಂದ. ಅಲ್ಲಿಯ ಮಾಮೂಲು ಗಾಳಿ ಪೂರ್ವದ್ದು, ಹಾಗಾಗಿ ಬ್ರಿಜ್‌ಟೌನ್ ಇರುವ ನೈಋತ್ಯ ಮೂಲೆ ವರ್ಷವಿಡೀ ಶಾಂತ. ಬಂದರು ಅಲ್ಲಿರುವುದೂ ಅದಕ್ಕೇ. ಅವತ್ತು ತೆರೆ ದಕ್ಷಿಣದಿಂದ ಬಂತು, ಬಂದರಿನೊಳಗೆ ನುಗ್ಗಿತು.

ಇದನ್ನು ಹೇಳುವಾಗ ಮಾವ ತಲೆ ಆಡಿಸಿದ, ಯಾಕಂದ್ರೆ 2021ರ ತೌಕ್ತೆಯಲ್ಲಿ ನಾವು ಇದ್ದಿದ್ದೂ ಬಲಗಡೆಯೇ. ಅದು ಮೇ ತಿಂಗಳಲ್ಲಿ ಲಕ್ಷದ್ವೀಪದ ಕಡೆ ಹುಟ್ಟಿ ಉತ್ತರಕ್ಕೆ ಹೊರಟಿತು. ನಮ್ಮ ಕರಾವಳಿ ಅದರ ಪೂರ್ವಕ್ಕೆ. ನೆಲ ಮುಟ್ಟಿದ್ದು ದೂರದ ಗುಜರಾತಿನಲ್ಲಿ, ಮೇ 17ರ ರಾತ್ರಿ. ಆದರೆ ಅದಕ್ಕೂ ಮೊದಲೇ ಭಟ್ಕಳದಿಂದ ಕಾರವಾರದವರೆಗೆ ಸಮುದ್ರ ದಂಡೆ ಹತ್ತಿತ್ತು. 2019ರ ಅಕ್ಟೋಬರ್‌ನ ಕ್ಯಾರ್ ಅಂತೂ ನೆಲಕ್ಕೆ ಬರಲೇ ಇಲ್ಲ, ಸಮುದ್ರದ ನಡುವೆಯೇ ಸೂಪರ್ ಸೈಕ್ಲೋನ್ ಆಗಿ ಅಲ್ಲೇ ಕರಗಿತು. ಆಗಲೂ ಬೇರೆ ರಾಜ್ಯದ ಬೋಟುಗಳೆಲ್ಲ ಓಡಿಬಂದು ನಮ್ಮ ಬಂದರಿನಲ್ಲಿ ಲಂಗರು ಹಾಕಿದ್ದವು. ಕೇಂದ್ರ ಬರಲಿಲ್ಲ ಅಂದ ಮಾತ್ರಕ್ಕೆ ಏನೂ ಆಗಲಿಲ್ಲ ಅಂತ ಕರಾವಳಿಯವರು ಯಾರೂ ಹೇಳುವುದಿಲ್ಲ, ಅಲ್ವಾ?

ಹಾಗಾದ್ರೆ ಯಾವ ಚಿತ್ರ ನೋಡಬೇಕು? ಕೋನ್ ಪಕ್ಕದಲ್ಲೇ ಇನ್ನೊಂದು ನಕ್ಷೆ ಇದೆ, ಜೋರು ಗಾಳಿ ಯಾವ ಹೊತ್ತಿಗೆ ಬಂದು ಮುಟ್ಟುತ್ತದೆ ಅಂತ ತೋರಿಸುವುದು. ಗಂಟೆಗೆ ಸುಮಾರು 63 ಕಿಲೋಮೀಟರ್ ಗಾಳಿ ಯಾವ ಊರಿಗೆ ಎಷ್ಟು ಹೊತ್ತಿಗೆ ಬರಬಹುದು ಅಂತ ಗೆರೆ ಎಳೆದಿರುತ್ತಾರೆ. ಎರಡು ಬಗೆ ಇದೆ. ಒಂದು, ಹೆಚ್ಚಾಗಿ ಬರಬಹುದಾದ ಹೊತ್ತು. ಇನ್ನೊಂದು, ಬೇಗ ಅಂದ್ರೆ ಎಷ್ಟು ಬೇಗ ಬರಬಹುದು ಅನ್ನುವುದು. ಎರಡನೆಯದನ್ನೇ ನಂಬಿ. ಬೋಟ್ ದಂಡೆಗೆ ತರಲು, ಮನೆಯ ಮಾಡಿನ ಶೀಟ್ ಬಿಗಿಯಲು, ಅಜ್ಜ-ಅಜ್ಜಿಯನ್ನು ಬೇರೆ ಕಡೆ ಕರೆದೊಯ್ಯಲು ಎಷ್ಟು ಹೊತ್ತಿದೆ ಅಂತ ಅದು ಹೇಳುತ್ತದೆ. ಕೆಲಸಕ್ಕೆ ಬರುವ ಚಿತ್ರ ಅಂದ್ರೆ ಅದು. ಅದನ್ನು ಮುಂದಿಟ್ಟು ಕೋನ್ ಅನ್ನು ಹಿಂದೆ ಸರಿಸಬೇಕಿತ್ತು ಅನ್ನುವುದು ನನ್ನ ದೊಡ್ಡ ದೂರು.

ಬಾರ್ಬಡೋಸ್ ದಾಟಿದ ಬೆರಿಲ್ ಅದೇ ದಿನ ಗ್ರೆನಡಾ ದೇಶದ ಕ್ಯಾರಿಯಾಕು ದ್ವೀಪದ ಮೇಲೆ ನೇರವಾಗಿ ಬಿತ್ತು. ಅರ್ಧ ಗಂಟೆಯಲ್ಲಿ ದ್ವೀಪ ನೆಲಸಮ ಆಯಿತು ಅಂತ ಅಲ್ಲಿಯ ಪ್ರಧಾನಿ ಡಿಕನ್ ಮಿಚೆಲ್ ಹೇಳಿದರು. ಮನೆಗಳಿಗೆ ಮಾಡಿಲ್ಲ, ಗಿಡಗಳಿಗೆ ಎಲೆ ಇಲ್ಲ. ಅಷ್ಟು ಸಣ್ಣ ದ್ವೀಪದಿಂದ ಓಡಿ ಹೋಗುವುದಾದರೂ ಎಲ್ಲಿಗೆ? ಜುಲೈ 2ರಂದು ಅದು ಕೆಟಗರಿ 5 ಆಯಿತು, ಗಾಳಿ ಗಂಟೆಗೆ 165 ಮೈಲಿ, ಅಂದರೆ ಸುಮಾರು 270 ಕಿಲೋಮೀಟರ್. ದಾಖಲೆಯಲ್ಲಿ ಇಷ್ಟು ಬೇಗ ಯಾವ ವರ್ಷವೂ ಅಟ್ಲಾಂಟಿಕ್‌ನಲ್ಲಿ ಕೆಟಗರಿ 5 ಆಗಿರಲಿಲ್ಲ. 3ರಂದು ಜಮೈಕಾದ ದಕ್ಷಿಣ ಅಂಚಿಗೆ ತಾಗಿದಂತೆ ಹೋಯಿತು, ಮತ್ತೆ ಬಲಗಡೆ ಸಿಕ್ಕಿದ್ದು ದ್ವೀಪವೇ.

ಆ ದಿನಗಳಲ್ಲಿ ತಮ್ಮ ಮೆಸೇಜ್ ಹಾಕಿದ್ದ. "ಅಕ್ಕ, ಹಡಗು ದಾರಿ ಬದಲಿಸಿದೆ, ಗಾಳಿಯ ಉತ್ತರಕ್ಕೆ ದೂರದಲ್ಲಿದ್ದೇವೆ, ಅಮ್ಮಂಗೆ ಹೇಳು." ಅಮ್ಮನಿಗೆ ಅಷ್ಟು ಸಾಕಾಗಲಿಲ್ಲ. ನಾನು ಹೊಸ ಬುಲೆಟಿನ್ ತೆಗೆದು ಹಡಗು ಎಲ್ಲಿ, ಬಿರುಗಾಳಿ ಎಲ್ಲಿ, ಅದರ ಜೋರು ಗಾಳಿ ಕೇಂದ್ರದಿಂದ ಎಷ್ಟು ಮೈಲಿವರೆಗೆ ಇದೆ ಅಂತ ತೋರಿಸಿದೆ. ಆ ಅಂಕಿ ಪ್ರತಿ ಬುಲೆಟಿನ್‌ನಲ್ಲೂ ಇರುತ್ತದೆ. ಅದನ್ನು ನೋಡಿದ ಮೇಲೆ ಅವಳು ಊಟಕ್ಕೆ ಕೂತಳು.

ಜಮೈಕಾ ಆದ ಮೇಲೆ ಮೇಲಿನ ಗಾಳಿ ಅಡ್ಡ ಬೀಸಿ ಬೆರಿಲ್ ಸೊರಗಿತು. ಮೆಕ್ಸಿಕೋದ ಯುಕಟಾನ್ ದಾಟಿ, ಜುಲೈ 8ರಂದು ಟೆಕ್ಸಾಸ್ ತೀರದ ಮ್ಯಾಟಗೋರ್ಡಾ ಹತ್ತಿರ ಕೆಟಗರಿ 1 ಆಗಿ ಒಳನುಗ್ಗಿತು. ಬರೀ ಕೆಟಗರಿ 1 ಅಂದುಕೊಳ್ಳಬೇಡಿ, ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ಇಲ್ಲಿ ತಾಣದ್ದೊಂದು ಕೊರತೆ ಕಾಣುತ್ತದೆ. ಬಿರುಗಾಳಿ ಒಳನಾಡಿಗೆ ಹೋಗಿ ದುರ್ಬಲ ಆದ ಮೇಲೆ ಬುಲೆಟಿನ್ ಬರೆಯುವ ಕೆಲಸ ಬೇರೊಂದು ಕಚೇರಿಗೆ ಹೋಗುತ್ತದೆ. ಮೊದಲಿನಿಂದ ಹಿಂಬಾಲಿಸಿದವರಿಗೆ ಕಥೆ ಅಲ್ಲಿ ಕೈತಪ್ಪುತ್ತದೆ. ಮಳೆ, ಪ್ರವಾಹ, ಸುಂಟರಗಾಳಿ ಎಲ್ಲ ಆಗುವುದು ಆಮೇಲೆಯೇ.

ಆದರೆ ಕೊನೆಗೆ ಒಂದು ವರದಿ ಬರುತ್ತದೆ, ಕೆಲವು ತಿಂಗಳ ನಂತರ. ಹಡಗು, ವಿಮಾನ, ಉಪಗ್ರಹ, ದ್ವೀಪದ ಹವಾಮಾನ ಕೇಂದ್ರ, ಎಲ್ಲ ಕಡೆಯ ಅಂಕಿ ತಂದು ಮತ್ತೆ ಲೆಕ್ಕ ಹಾಕಿ, ಆವತ್ತು ನಾವು ಹೇಳಿದ್ದು ಇಷ್ಟು, ನಿಜಕ್ಕೂ ಆಗಿದ್ದು ಇಷ್ಟು ಅಂತ ಬರೆಯುತ್ತಾರೆ. ತಮ್ಮ ಮುನ್ಸೂಚನೆ ಎಷ್ಟು ಮೈಲಿ ತಪ್ಪಿತು ಅನ್ನುವುದಕ್ಕೂ ಪಟ್ಟಿ ಹಾಕುತ್ತಾರೆ. ಬೆರಿಲ್ ಹೆಸರನ್ನು ಮತ್ತೆ ಯಾವ ಬಿರುಗಾಳಿಗೂ ಇಡುವುದಿಲ್ಲ ಅಂತ ಆಮೇಲೆ ತೀರ್ಮಾನ ಆಯಿತು. ಅಲ್ಲಿ ಆರು ವರ್ಷಕ್ಕೊಮ್ಮೆ ಹೆಸರುಗಳು ತಿರುಗಿ ಬರುತ್ತವೆ, ತುಂಬ ಹಾನಿ ಮಾಡಿದ್ದನ್ನು ಮಾತ್ರ ತೆಗೆದುಹಾಕುತ್ತಾರೆ.

ಬಳಸುವವರಿಗೆ ಕೆಲವು ಮಾತು. ಮುಖ್ಯ ಬುಲೆಟಿನ್‌ಗಳು ನಮ್ಮ ಸಮಯದಲ್ಲಿ ಬೆಳಿಗ್ಗೆ 8.30, ಮಧ್ಯಾಹ್ನ 2.30, ರಾತ್ರಿ 8.30, ಮತ್ತೆ ನಡುರಾತ್ರಿ ದಾಟಿ 2.30ಕ್ಕೆ ಬರುತ್ತವೆ. ದಂಡೆಗೆ ಎಚ್ಚರಿಕೆ ಕೊಟ್ಟಿದ್ದರೆ ನಡುವೆ ಇನ್ನೊಂದೊಂದು ಸೇರುತ್ತದೆ. ಮೊಬೈಲಿನಲ್ಲಿ ನಕ್ಷೆಗಳು ಚಿಕ್ಕದಾಗಿ ಕಾಣುತ್ತವೆ, ಬೆರಳಿನಲ್ಲಿ ಎಳೆದೆಳೆದು ನೋಡಬೇಕು. ಗಾಳಿಯ ವೇಗ ಮೈಲಿ ಇಲ್ಲವೇ ನಾಟ್ (ಹಡಗಿನವರ ವೇಗದ ಅಳತೆ) ಲೆಕ್ಕದಲ್ಲಿ ಮುಂದೆ ಬರುತ್ತದೆ. ನಮ್ಮ ಹವಾಮಾನ ಇಲಾಖೆಯ ಅಂಕಿಗೆ ಹೋಲಿಸುವಾಗ ಒಂದು ಗಮನದಲ್ಲಿರಲಿ, ಅವರದು ಒಂದು ನಿಮಿಷದ ಸರಾಸರಿ ಗಾಳಿ, ನಮ್ಮವರದು ಮೂರು ನಿಮಿಷದ್ದು. ಹಾಗಾಗಿ ಅದೇ ಬಿರುಗಾಳಿಗೆ ಅಲ್ಲಿಯ ಲೆಕ್ಕ ಸ್ವಲ್ಪ ಜಾಸ್ತಿ ಬರುತ್ತದೆ. ಅಲ್ಲಿ ಹರಿಕೇನ್ ಅನ್ನುವುದು 64 ನಾಟ್‌ನಿಂದ ಶುರು. ನಮ್ಮಲ್ಲಿ ಅಷ್ಟಕ್ಕೆ "ಅತಿ ತೀವ್ರ ಚಂಡಮಾರುತ" ಅನ್ನುತ್ತಾರೆ.

ಮುಖ್ಯವಾದ್ದು ಇದು. ಅರಬ್ಬಿ ಸಮುದ್ರದಲ್ಲಿ ಗಾಳಿ ಎದ್ದಾಗ ಮಿಯಾಮಿಯ ತಾಣ ತೆರೆದು ಪ್ರಯೋಜನ ಇಲ್ಲ. ಅವರು ನೋಡುವುದು ಅಟ್ಲಾಂಟಿಕ್ ಮತ್ತು ಪೂರ್ವ ಪೆಸಿಫಿಕ್ ಮಾತ್ರ. ನಮ್ಮ ಸಮುದ್ರದ ಹೊಣೆ ದೆಹಲಿಯಲ್ಲಿರುವ ಹವಾಮಾನ ಇಲಾಖೆಯದು, ಸುತ್ತಲಿನ ದೇಶಗಳಿಗೂ ಅವರೇ ಮುನ್ಸೂಚನೆ ಕೊಡುತ್ತಾರೆ. ಆ ಬುಲೆಟಿನ್‌ಗಳಲ್ಲಿ ಒಂದು ಸಂಗತಿ ಮಿಯಾಮಿಗಿಂತ ಚೆನ್ನಾಗಿದೆ. ಯಾವ ಜಿಲ್ಲೆಯಲ್ಲಿ ಎಂಥ ಹಾನಿ ಆಗಬಹುದು, ಏನು ಮಾಡಬೇಕು, ಮೀನುಗಾರರು ಯಾವ ದಿನ ಎಲ್ಲಿಗೆ ಹೋಗಬಾರದು ಅಂತ ಪಟ್ಟಿ ಮಾಡಿ ಕೊಡುತ್ತಾರೆ. ಬಂದರಿನಲ್ಲಿ ಎಚ್ಚರಿಕೆಯ 3ನೇ ನಂಬರಿನ ಸಿಗ್ನಲ್ ಏರಿತು ಅಂದ್ರೆ ಏನು ಅಂತ ನಮ್ಮ ತಾಂಡೇಲರಿಗೆ, ಅಂದರೆ ಬೋಟ್ ನಡೆಸುವವರಿಗೆ, ಯಾರೂ ಹೇಳಿಕೊಡಬೇಕಿಲ್ಲ. ಕೊರತೆ ಇರುವುದು ಆ "ಡಿಸ್ಕಶನ್" ಥರದ ಬರಹದಲ್ಲಿ. ಯಾಕೆ ಹೀಗೆ ಅಂದುಕೊಂಡಿದ್ದೇವೆ, ಎಲ್ಲಿ ಅನುಮಾನ ಇದೆ ಅನ್ನುವುದನ್ನು ಕನ್ನಡದಲ್ಲಿ, ಮೀನು ಹಿಡಿಯುವವರಿಗೆ ಅರ್ಥವಾಗುವ ಮಾತಿನಲ್ಲಿ ಬರೆದು ಕೊಟ್ಟರೆ ನಮ್ಮ ಜನ ಖಂಡಿತ ಓದುತ್ತಾರೆ. ಮಾವನಂಥವರು ಅದಕ್ಕೆ ತಮ್ಮ ತಿಳಿವಳಿಕೆಯನ್ನೂ ಸೇರಿಸುತ್ತಾರೆ.

ಅಂಕ ಕೊಡಬೇಕು ಅಂದ್ರೆ ಡಿಸ್ಕಶನ್ ಪುಟಕ್ಕೆ ಐದಕ್ಕೆ ಐದು, ಗಾಳಿ ಬರುವ ಹೊತ್ತಿನ ನಕ್ಷೆಗೂ ಐದು, ಕೋನ್‌ಗೆ ಎರಡೂವರೆ, ಮೊಬೈಲಿನಲ್ಲಿ ಓದುವ ಸುಖಕ್ಕೆ ಮೂರು. ಕೆರಿಬಿಯನ್ ಕಡೆ ಮನೆಯವರು ಕೆಲಸಕ್ಕಿದ್ದರೆ ಇವತ್ತೇ ಬುಕ್‌ಮಾರ್ಕ್ ಮಾಡಿಕೊಳ್ಳಿ. ಕಲಿಯುವ ಆಸೆ ಇದ್ದರೆ ಆರ್ಕೈವ್‌ಗೆ ಹೋಗಿ 2024 ಒತ್ತಿ, ಬೆರಿಲ್ ತೆಗೆದು, ಮೊದಲನೇ ಡಿಸ್ಕಶನ್‌ನಿಂದ ಸಾಲಾಗಿ ಓದುತ್ತಾ ಹೋಗಿ. ಎಲ್ಲವೂ ಹಾಗೇ ಇಟ್ಟಿದ್ದಾರೆ.